ಸಂಪಾದಕರ ಉತ್ತರ: ಆ ಕಾಲಂ ಫಾರ್ಮ್‌ನಲ್ಲೇ ಇರ್ಲಿಲ್ಲ

ಕೊಳ್ಳೇಗಾಲದ ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ಪತ್ರ ಓದಿದೆ. ಸರ್ಕಾರ ಏನೇ ಹೇಳಿದ್ರೂ ಅದರ ಉಲ್ಟಾನೇ ನಿಜ ಅಂತ ಊರಲ್ಲಿ ಮಾತಾಡ್ತಾರೆ, ಮಕ್ಕಳಿಗೆ ಲಸಿಕೆ ಹಾಕಿಸೋಕೂ ಹಿಂದೆಮುಂದೆ ನೋಡ್ತಾರೆ, ಪ್ರತಿ ಹೇಳಿಕೆಗೂ ಕೊಕ್ಕೆ ಹಾಕೋ ಪತ್ರಿಕೆಯೋರೇ ಇದಕ್ಕೆಲ್ಲ ಕಾರಣ ಅಂತ ಬರ್ದಿದ್ದೀರಿ. ಲಸಿಕೆ ಬಗ್ಗೆ ನಿಮಗಿರೋ ಆತಂಕ ನನಗೂ ಇದೆ. ಆದ್ರೆ ಕಾರಣ ನಾವು ಅನ್ನೋದನ್ನ ಒಪ್ಪೋಕಾಗಲ್ಲ, ಅದೂ ಈ ಪತ್ರ ಚಾಮರಾಜನಗರ ಜಿಲ್ಲೆಯಿಂದ ಬಂದಿರೋವಾಗ.

ಕೋವಿಡ್ ಟೈಮಿನ 2021ರ ಮೇ 2-3ನ್ನ ನೆನಪು ಮಾಡ್ಕೊಳ್ಳಿ. ನಿಮ್ಮ ಜಿಲ್ಲಾಸ್ಪತ್ರೇಲಿ 24 ಗಂಟೆ ಒಳಗೆ 24 ಜನ ತೀರ್ಕೊಂಡ್ರು. ಆಕ್ಸಿಜನ್ ಇಲ್ದೆ ಹೋಗಿದ್ದು 3 ಜನ ಮಾತ್ರ, ಉಳಿದೋರಿಗೆ ಬೇರೆ ಕಾಯಿಲೆ ಇತ್ತು ಅಂತ ಸಚಿವರ ಹೇಳಿಕೆ ಬಂತು, ಆ ಕಡೆ ಸಿಲಿಂಡರ್ ಕಳಿಸಿದ್ವಿ, ಕಳಿಸ್ಲೇ ಇಲ್ಲ ಅಂತ ಮೈಸೂರು, ಚಾಮರಾಜನಗರದ ಅಧಿಕಾರಿಗಳ ನಡುವೆ ಜಗಳ. ಆಮೇಲೆ ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಹೋಗಿ ನೋಡಿ, ಆ ರಾತ್ರಿ ಗಂಟೆಗಟ್ಟಲೆ ಆಸ್ಪತ್ರೇಲಿ ಆಕ್ಸಿಜನ್ನೇ ಇರ್ಲಿಲ್ಲ ಅಂತ ವರದಿ ಕೊಡ್ತು. ಇಷ್ಟಾದ ಮೇಲೂ ಜುಲೈ 20ಕ್ಕೆ ಕೇಂದ್ರ ಸರ್ಕಾರ ರಾಜ್ಯಸಭೆಗೆ ಲಿಖಿತ ಉತ್ತರ ಕೊಡ್ತು: ಆಕ್ಸಿಜನ್ ಕೊರತೆಯಿಂದ ಸಾವಾಗಿದೆ ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ.

ಈ ಉತ್ತರ ಸುಳ್ಳು ಅಂತ ಹೇಳೋಕಾಗಲ್ಲ, ನನಗೆ ಸಿಟ್ಟು ಬರೋದೇ ಅದಕ್ಕೆ. ಆಸ್ಪತ್ರೇಲಿ ಸಾವಾದ್ರೆ ಡಾಕ್ಟ್ರು ಫಾರ್ಮ್ 4 ತುಂಬ್ತಾರೆ. ಅದ್ರಲ್ಲಿ ಸಾವಿನ ತಕ್ಷಣದ ಕಾರಣ, ಅದಕ್ಕೆ ಮೂಲವಾದ ಕಾಯಿಲೆ ಬರೀಬೇಕು, ಉಸಿರಾಟದ ವೈಫಲ್ಯ, ಕೋವಿಡ್ ನ್ಯುಮೋನಿಯಾ ಹೀಗೆ. ಸಿಲಿಂಡರ್ ಖಾಲಿಯಾಗಿತ್ತು ಅಂತ ಬರೆಯೋಕೆ ಅಲ್ಲಿ ಕಾಲಂ ಇಲ್ಲ, ಕಾಲಂ ಇಲ್ದಿದ್ದು ರಾಜ್ಯದ ಲೆಕ್ಕಕ್ಕೆ ಬರಲ್ಲ, ರಾಜ್ಯದ ಲೆಕ್ಕದಲ್ಲಿ ಇಲ್ದಿದ್ದು ಸಂಸತ್ತಿಗೆ ಹೋಗಲ್ಲ. ಮನೆಯೋರ ಕೈಗೆ ಬರೋ ಮರಣ ಪ್ರಮಾಣಪತ್ರದಲ್ಲಂತೂ ಸಾವಿನ ಕಾರಣಾನೇ ಇರಲ್ಲ, ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಅದನ್ನ ಹಾಕ್ಬಾರ್ದು ಅನ್ನುತ್ತೆ. ಆ ರಾತ್ರಿ ವಾರ್ಡ್ ಹೊರಗೆ ನಿಂತಿದ್ದ ಮಗನಿಗೋ ಹೆಂಡ್ತಿಗೋ ಸರ್ಕಾರದ ಮಾತು ನಂಬ್ಬೇಡಿ ಅಂತ ಹೇಳೋಕೆ ನಮ್ಮ ಪತ್ರಿಕೆ ಬೇಕಾಗಿತ್ತಾ ಮೇಷ್ಟ್ರೇ?

ಸಾವಿನ ಒಟ್ಟು ಲೆಕ್ಕದ ಕಥೇನೂ ಇದೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಎರಡು ವರ್ಷಕ್ಕೆ 47 ಲಕ್ಷ ಹೆಚ್ಚುವರಿ ಸಾವು, ಅಂದ್ರೆ ಮಾಮೂಲಿ ವರ್ಷಗಳಲ್ಲಿ ಆಗೋದಕ್ಕಿಂತ ಜಾಸ್ತಿ ಸಾವು, ಅಂದಾಗ ಸರ್ಕಾರ ಲೆಕ್ಕ ಹಾಕಿದ ರೀತೀನೇ ತಪ್ಪು ಅಂತು. ಸರ್ಕಾರದ್ದೇ ನೋಂದಣಿ ಅಂಕಿ 2025ರ ಮೇನಲ್ಲಿ ಹೊರಗೆ ಬಂತು, 2020ರಲ್ಲಿ 81 ಲಕ್ಷ ಇದ್ದ ಸಾವು 2021ರಲ್ಲಿ 1.02 ಕೋಟಿ. ಹೆಚ್ಚಾಗಿದ್ದೆಲ್ಲ ಕೋವಿಡ್ಡೇ ಅಂತ ನಾನು ಹೇಳಲ್ಲ, ನೋಂದಣಿ ಸುಧಾರಿಸಿದ್ದೂ ಅದ್ರಲ್ಲಿ ಸೇರಿರುತ್ತೆ, ಆದ್ರೆ ಆ ವರ್ಷದ ಅಧಿಕೃತ ಕೋವಿಡ್ ಸಾವು ಮೂರೂವರೆ ಲಕ್ಷಾನೂ ದಾಟಿಲ್ಲ. ಆ ನೋಂದಣಿ ಅಂಕಿ ಮೂರು ವರ್ಷಕ್ಕೂ ಹೆಚ್ಚು ಕಾಲ ಯಾಕೆ ಒಳಗಿತ್ತು ಅಂತ ನಾವು ಕೇಳ್ತಾನೇ ಇರ್ತೀವಿ.

ಪಕ್ಕದ ಕೇರಳದಲ್ಲಿ 2018ರಲ್ಲಿ ನಿಪಾ ವೈರಸ್ ಹರಡಿದ ಟೈಮಲ್ಲೂ ವಾಟ್ಸ್ಆಪ್ ವದಂತಿಗೇನೂ ಕಮ್ಮಿ ಇರ್ಲಿಲ್ಲ. 17 ಜನ ಸತ್ರು. ಆದ್ರೆ ಎಷ್ಟು ಸಾವು, ಎಷ್ಟು ಜನರ ಮೇಲೆ ನಿಗಾ ಅಂತ ಅಧಿಕಾರಿಗಳು ಮುಚ್ಚಿಡದೆ ಹೇಳ್ತಾ ಹೋದ್ರು, ಎರಡು ಸಾವಿರಕ್ಕೂ ಹೆಚ್ಚು ಜನರನ್ನ ಪಟ್ಟಿ ಮಾಡಿ ನಿಗಾ ಇಟ್ರು, ಜನಾನೂ ಸಹಕರಿಸಿದ್ರು.

ಲಸಿಕೆಗೆ ಬರ್ತೀನಿ. ದಯವಿಟ್ಟು ಊರಲ್ಲಿ ಹೇಳಿ, ಅದನ್ನ ನಂಬೋಕೆ ಯಾವ ಸಚಿವರ ಮಾತೂ ಬೇಕಿಲ್ಲ. ಪೋಲಿಯೊದಿಂದ ಕಾಲು ಹೋದ ಮಕ್ಕಳನ್ನ ನೀವೇ ಕ್ಲಾಸಲ್ಲಿ ನೋಡಿರ್ತೀರಿ. ನಮ್ಮ ದೇಶದಲ್ಲಿ ಸಹಜ ಪೋಲಿಯೊ ವೈರಸ್‌ನ ಕೊನೇ ಕೇಸು 2011ರ ಜನವರೀಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಇದನ್ನ ಆಶಾ ಕಾರ್ಯಕರ್ತೆಯರ ಜೊತೆ ಕೂತು ನೀವು ಹೇಳಿದ್ರೆ ಕೇಳ್ತಾರೆ.

ಇನ್ನೊಂದು. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಆಗಿದೆ, ಆಸ್ಪತ್ರೇಲಿ ಯಾರಾದ್ರೂ ತೀರ್ಕೊಂಡ್ರೆ ಸಾವಿನ ಕಾರಣ ಡಾಕ್ಟ್ರು ಬರೆದ ಸರ್ಟಿಫಿಕೇಟಿನ (ಮರಣ ಪ್ರಮಾಣಪತ್ರ ಬೇರೆ) ಪ್ರತಿಯನ್ನ ಹತ್ತಿರದ ಸಂಬಂಧಿಕರಿಗೆ ಕೊಡ್ಲೇಬೇಕು. ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಕೇಳಿ ತಗೊಳ್ಳಿ ಅಂತ ನಿಮ್ಮೂರೋರಿಗೆ ತಿಳಿಸಿ, ಕೊಡದೆ ಸತಾಯಿಸಿದ್ರೆ ನಮಗೆ ಬರೀರಿ, ನಾವು ಪ್ರಿಂಟ್ ಮಾಡ್ತೀವಿ.

– ಸಂ.