ಸಂಪಾದಕರ ಉತ್ತರ: ಮೂರು ಬಟ್ಟಲುಗಳಲ್ಲಿ ಬೇರೆಯದು ಯಾವುದು?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರದ ಸಾರಾಂಶ ಇದು: ಕಾಫಿ ಕಂಪನಿಯೊಂದರ ಗುಣಮಟ್ಟ ವಿಭಾಗದಿಂದ ಮಗನಿಗೆ ಪರೀಕ್ಷೆಯ ಕರೆ ಬಂದಿದೆ. ಮೊದಲು ಲಿಖಿತ ಪರೀಕ್ಷೆ, ನಂತರ ರುಚಿ ಪರೀಕ್ಷೆ. ತಮ್ಮ ಅಣ್ಣನ ಮಗ ಅಲ್ಲಿಯೇ ಕೆಲಸದಲ್ಲಿದ್ದಾನೆ. ಒಳಗಿನ ವಿಷಯ ಅವನಲ್ಲಿ ವಿಚಾರಿಸಿದರೆ ತಪ್ಪೇ?

ವಿಚಾರಿಸುವುದೇ ತಪ್ಪೆಂದು ನಾನು ಹೇಳಲಾರೆ. ಪರೀಕ್ಷೆ ಎಷ್ಟು ಹೊತ್ತಿನದು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ, ಯಾವ ವಿಷಯ ಓದಿಕೊಂಡಿರಬೇಕು ಎಂಬುದನ್ನು ಕಂಪನಿಗೇ ದೂರವಾಣಿ ಮಾಡಿ ಕೇಳಬಹುದು. ಹಾಗೆ ಬಹಿರಂಗವಾಗಿ ಕೇಳಬಹುದಾದದ್ದನ್ನು ಬಂಧುವಿನಲ್ಲಿ ಕೇಳಲು ಸಂಕೋಚ ಬೇಡ. ಕಂಪನಿಯವರ ಎದುರು ಬಾಯಿಬಿಟ್ಟು ಕೇಳಲಾಗದ್ದನ್ನು ಮಾತ್ರ ಅಡುಗೆಮನೆಯಲ್ಲಿ ಪಿಸುಗುಟ್ಟಿಯೂ ಕೇಳಬಾರದು.

ರುಚಿ ಪರೀಕ್ಷೆಯನ್ನೇ ನೋಡಿ. ಸಾಮಾನ್ಯವಾಗಿ ಮೂರು ಬಟ್ಟಲುಗಳನ್ನು ಇಡುತ್ತಾರೆ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬಣ್ಣದಿಂದ ಗುರುತು ಸಿಗದಿರಲೆಂದು ಕೆಲವೆಡೆ ಕೆಂಪು ದೀಪ ಹಚ್ಚುವುದೂ ಉಂಟು. ಅಭ್ಯರ್ಥಿ ಚಮಚದಲ್ಲಿ ಸೊರ್ರನೆ ಹೀರಿ, ಬಾಯಲ್ಲಾಡಿಸಿ, ಉಗುಳಿ, ಬೇರೆಯದನ್ನು ತೋರಿಸಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಅದಕ್ಕಾಗಿಯೇ ಹಲವು ಸುತ್ತು ನಡೆಸುತ್ತಾರೆ. ಯಾವ ಸುತ್ತಿನಲ್ಲಿ ಯಾವ ಬಟ್ಟಲು ಎಂದು ಮೊದಲೇ ತಿಳಿದವನ ನಾಲಿಗೆಯ ಬಗ್ಗೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಕೆಲಸ ಸಿಕ್ಕಿದ ಮೇಲೆ, ಬೂಸ್ಟು ಹಿಡಿದ ಚೆರಿಯ (ಹಣ್ಣಿನ ಸಮೇತ ಒಣಗಿಸಿದ ಕಾಫಿಯ) ವಾಸನೆ ಅವನಿಗೆ ತಿಳಿಯದಿದ್ದರೆ ಒಂದು ಲಾಟು ಕಾಫಿಯೇ ಹಾಳು.

ಸರ್ಕಾರಿ ನೇಮಕಾತಿಯಲ್ಲಿ ಇದರ ಬೆಲೆಯನ್ನು ಕಂಡಿದ್ದೇವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಪ್ರಾಮಾಣಿಕವಾಗಿ ಬರೆದವರೂ 2024ರ ಜನವರಿಯವರೆಗೆ ಮರುಪರೀಕ್ಷೆಗೆ ಕಾದರು. ಪರೀಕ್ಷಾ ಅಕ್ರಮ ತಡೆಯುವ ಕೇಂದ್ರ ಸರ್ಕಾರದ 2024ರ ಕಾಯ್ದೆ ಯುಪಿಎಸ್‌ಸಿ, ರೈಲ್ವೆ, ಬ್ಯಾಂಕ್ ನೇಮಕಾತಿಯಂಥ ಸಾರ್ವಜನಿಕ ಪರೀಕ್ಷೆಗಳಿಗೆ ಸಂಬಂಧಿಸಿದ್ದು; ಖಾಸಗಿ ಕಂಪನಿಯ ಪರೀಕ್ಷೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ನಿರಾಳವಾಗಬೇಡಿ. ಸಿಕ್ಕಿಬಿದ್ದರೆ ನಿಮ್ಮ ಮಗನಿಗೆ ಒಂದು ಅವಕಾಶ ತಪ್ಪೀತು, ಆದರೆ ಅಣ್ಣನ ಮಗನಿಗೆ ಇರುವ ಕೆಲಸವೇ ಹೋದೀತು. ನೀವು ಕೇಳಿದರೆ ಆ ಹುಡುಗ ಇಲ್ಲವೆನ್ನುವುದು ಕಷ್ಟ. ಸೋದರತ್ತೆಯ ಮಾತು ತೆಗೆದುಹಾಕಲು ನಮ್ಮ ಕಡೆ ಯಾರಿಗೆ ತಾನೇ ಬಾಯಿ ಬರುತ್ತದೆ?

ಅವನ ನೆರವು ಬೇಕೇ ಆದರೆ ಭಾನುವಾರ ಮನೆಗೆ ಕರೆಯಿರಿ. ಮೂರು ಲೋಟಗಳ ತಳಕ್ಕೆ ಗುರುತು ಹಾಕಿ, ಎರಡಕ್ಕೆ ಅರೇಬಿಕಾ, ಒಂದಕ್ಕೆ ತುಸು ರೊಬಸ್ಟಾ ಬೆರೆಸಿದ ಡಿಕಾಕ್ಷನ್ ಅವನೇ ಸುರಿಯಲಿ. ನಿಮ್ಮ ಮಗ ಅಷ್ಟು ಹೊತ್ತು ಜಗಲಿಯಲ್ಲಿ ಕುಳಿತಿರಲಿ. ಹಾಲು, ಸಕ್ಕರೆ ಮಾತ್ರ ಬೇಡ.