ಪೆಟ್ಟಿಗೆಯ ರೂಪದಲ್ಲಿದ್ದ ಮಿಮಿಕ್ ಎರಗಿದಾಗ, ಪ್ಯಾಸಿವ್ ಪರ್ಸೆಪ್ಷನ್ 18 ಇರುವ ರೋಗ್ ಕೂಡ ಸರ್ಪ್ರೈಸ್ ಆಗುತ್ತಾನೆಯೇ?

ನಿಮ್ಮ ಆಟದಲ್ಲಿ ನಡೆದದ್ದನ್ನು ನಾನು ಅರ್ಥಮಾಡಿಕೊಂಡಂತೆ ಮೊದಲು ಹೇಳಿಬಿಡುತ್ತೇನೆ. ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿಯನ್ನು ನೀವು 2014ರ ನಿಯಮಗಳ ಪ್ರಕಾರ ಆಡಿಸುತ್ತಿದ್ದೀರಿ. ನೆಲಮಾಳಿಗೆಯಲ್ಲಿದ್ದ ಮರದ ಪೆಟ್ಟಿಗೆ ನಿಜದಲ್ಲಿ ಮಿಮಿಕ್ (ವಸ್ತುವಿನ ವೇಷ ಧರಿಸಿ ಎರಗುವ ಜೀವಿ) ಆಗಿತ್ತು. ಫೈಟರ್ (ಯೋಧನ ಪಾತ್ರ) ಅದನ್ನು ಮುಟ್ಟಿದೊಡನೆ ಅದು ಎರಗಿತು. ತಂಡದವರೆಲ್ಲರೂ ಸರ್ಪ್ರೈಸ್ ಆಗಿದ್ದಾರೆಂದು, ಅಂದರೆ ಅಪಾಯವನ್ನು ಅರಿಯದೆ ಸಿಕ್ಕಿಬಿದ್ದು ಮೊದಲ ಸರದಿ ಕಳೆದುಕೊಳ್ಳುತ್ತಾರೆಂದು, ನೀವು ತೀರ್ಪು ಕೊಟ್ಟಿರಿ. ರೋಗ್ (ಚತುರ ಕಳ್ಳನ) ಪಾತ್ರದ ಆಟಗಾರ ಮಾತ್ರ ಒಪ್ಪಲಿಲ್ಲ. ತನ್ನ ಪ್ಯಾಸಿವ್ ಪರ್ಸೆಪ್ಷನ್ (ದಾಳ ಉರುಳಿಸದೆಯೇ ಸುತ್ತಲಿನದನ್ನು ಗಮನಿಸುವ ಸಾಮರ್ಥ್ಯದ ಅಂಕ) 18 ಇದೆ, ಪೆಟ್ಟಿಗೆ ಕಣ್ಣೆದುರಿಗೇ ಇತ್ತು, ಮಿಮಿಕ್‌ಗಾಗಿ ಸ್ಟೆಲ್ತ್ (ಅಡಗುವ ಸಾಮರ್ಥ್ಯದ) ದಾಳವನ್ನೂ ಉರುಳಿಸಿಲ್ಲ, ಹೀಗಿರುವಾಗ ತಾನು ಸರ್ಪ್ರೈಸ್ ಆಗುವುದು ಹೇಗೆ ಎಂಬುದು ಆತನ ವಾದ. ನನ್ನ ದೃಷ್ಟಿಯಲ್ಲಿ ನಿಮ್ಮ ತೀರ್ಪೇ ಸರಿ. ಆದರೆ ಆತನ ವಾದ ಹುಟ್ಟಿದ್ದು ನಿಯಮವನ್ನು ಓದಿಯೇ ಹೊರತು ಹಟದಿಂದಲ್ಲ.

2014ರ ನಿಯಮವು ಎರಡು ಮಾತು ಹೇಳುತ್ತದೆ. ಅಡಗಿರುವವರ ಸ್ಟೆಲ್ತ್ ಫಲಿತಾಂಶವನ್ನು ಎದುರಾಳಿಗಳ ಪ್ಯಾಸಿವ್ ಪರ್ಸೆಪ್ಷನ್‌ಗೆ ಆಟ ನಡೆಸುವ ಡಂಜನ್ ಮಾಸ್ಟರ್ ಹೋಲಿಸಬೇಕು ಎಂಬುದು ಒಂದು. ಅಪಾಯವನ್ನು ಗಮನಿಸದವರು ಕಾಳಗದ ಆರಂಭದಲ್ಲಿ ಸರ್ಪ್ರೈಸ್ ಆಗಿರುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ಸಾಮಾನ್ಯ ಸಂದರ್ಭಕ್ಕೆ ಕೊಟ್ಟ ವಿಧಾನ, ಎರಡನೆಯದು ನಿಜವಾದ ಪರೀಕ್ಷೆ. ಗಮನಿಸಬೇಕಾದದ್ದು ವಸ್ತುವನ್ನಲ್ಲ, ಅಪಾಯವನ್ನು. ಮಾಯಾಮೃಗವನ್ನು ಸೀತೆಯೂ ಕಂಡಳು, ಲಕ್ಷ್ಮಣನೂ ಕಂಡ. ಅದು ಮಾರೀಚನಿರಬೇಕೆಂದು ಶಂಕಿಸಿದವನು ಲಕ್ಷ್ಮಣನೊಬ್ಬನೇ. ನಿಮ್ಮ ರೋಗ್ ಪೆಟ್ಟಿಗೆಯನ್ನು ಎಷ್ಟೇ ಸ್ಪಷ್ಟವಾಗಿ ನೋಡಿದ್ದರೂ ಆತ ನೋಡಿದ್ದು ಪೆಟ್ಟಿಗೆಯನ್ನೇ, ಏಕೆಂದರೆ ಚಲಿಸದೆ ಇರುವಷ್ಟು ಹೊತ್ತು ಮಿಮಿಕ್ ಅನ್ನು ಸಾಧಾರಣ ವಸ್ತುವಿನಿಂದ ಬೇರ್ಪಡಿಸಿ ಗುರುತಿಸಲಾಗದು ಎಂದು ಅದರ ಫಾಲ್ಸ್ ಅಪಿಯರೆನ್ಸ್ (ಹುಸಿರೂಪ) ಗುಣವು ನೇರವಾಗಿ ಹೇಳುತ್ತದೆ.

ಹಾಗಾದರೆ 18ರಷ್ಟು ಪರ್ಸೆಪ್ಷನ್‌ಗೆ ಬೆಲೆಯೇ ಇಲ್ಲವೇ ಎಂದು ಆತ ಕೇಳಬಹುದು. ಇದಕ್ಕೆ ಉತ್ತರವಾಗಿ ಜೆಲಾಟಿನಸ್ ಕ್ಯೂಬ್ ಅನ್ನು ಪಕ್ಕದಲ್ಲಿಟ್ಟು ನೋಡಿ. ಅದು ಪಾರದರ್ಶಕ ಜೀವಿ. ಚಲಿಸದೆಯೂ ದಾಳಿ ಮಾಡದೆಯೂ ಇರುವ ಕ್ಯೂಬ್ ಅನ್ನು ಕಾಣಲು ಪರ್ಸೆಪ್ಷನ್‌ನಲ್ಲಿ 15 ಬೇಕು, ಅರಿಯದೆ ಅದರೊಳಕ್ಕೆ ಕಾಲಿಡಲು ಹೋದವರು ಸರ್ಪ್ರೈಸ್ ಆಗುತ್ತಾರೆ ಎಂದು ಅದರ ವಿವರಣೆಯಲ್ಲೇ ಇದೆ. ಎಂದರೆ ಕಣ್ಣಿಗೆ ಅವಕಾಶ ಕೊಡಬೇಕೆನಿಸಿದ ಕಡೆ ಆಟವನ್ನು ರಚಿಸಿದವರು ಅಂಕಿಯನ್ನೇ ಬರೆದಿದ್ದಾರೆ. ಅಲ್ಲಿ ನಿಮ್ಮ ರೋಗ್ ಗೆಲ್ಲುತ್ತಾನೆ. ಮಿಮಿಕ್, ಗಾರ್ಗಾಯ್ಲ್ (ಕಲ್ಲಿನ ಪ್ರತಿಮೆಯಂತಿರುವ ಜೀವಿ), ಆನಿಮೇಟೆಡ್ ಆರ್ಮರ್ (ತಾನೇ ನಡೆದಾಡುವ ಕವಚ) ಮೊದಲಾದವುಗಳಿಗೆ 2014ರ ಪುಸ್ತಕದಲ್ಲಿ ಅಂಥ ಅಂಕಿಯಿಲ್ಲ. ಅಡಗಿ ಕುಳಿತವರಿಗಷ್ಟೇ ಸರ್ಪ್ರೈಸ್ ಮಾಡುವ ಹಕ್ಕಿದೆ ಎಂದು ಓದುವವರೂ ಇದ್ದಾರೆ. ಆ ಓದನ್ನು ಒಪ್ಪಿದರೆ ಫಾಲ್ಸ್ ಅಪಿಯರೆನ್ಸ್ ಎಂಬ ಗುಣವು ಅಲಂಕಾರಕ್ಕಷ್ಟೇ ಉಳಿಯುತ್ತದೆ. ಆದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಆದರೆ ಈ ಗುಣಕ್ಕೆ ಎರಡು ಕಡೆ ಮಿತಿಯಿದೆ. ಮಿಮಿಕ್ ಕತ್ತಲಲ್ಲಿ ತಂಡದ ಬೆನ್ನ ಹಿಂದೆ ತೆವಳಿಬಂದರೆ ಅದು ನಿಶ್ಚಲವಾಗಿಲ್ಲವಾದ್ದರಿಂದ ರಕ್ಷಣೆ ಮುಗಿಯಿತು; ಆಗ ಸ್ಟೆಲ್ತ್ ದಾಳ ಉರುಳಲೇಬೇಕು, ಅದಕ್ಕಿರುವುದು +5 ಮಾತ್ರ. ಇನ್ನೊಂದು, ಗುರುತಿಸಲಾಗದಿರುವುದು ಮಿಮಿಕ್‌ನ ಮೈಯೇ ಹೊರತು ಅದರ ಸುತ್ತಲಿನ ಜಾಗವಲ್ಲ. ಕೋಣೆಯೆಲ್ಲ ಧೂಳು ಕವಿದಿದ್ದರೂ ಪೆಟ್ಟಿಗೆಯ ಮುಚ್ಚಳದ ಮೇಲೆ ಧೂಳಿಲ್ಲದಿರುವುದು, ಅದರ ಹಿಂದೆ ಇಲಿಯ ಮೂಳೆಗಳು ಬಿದ್ದಿರುವುದು ಇಂಥವನ್ನು ಪರ್ಸೆಪ್ಷನ್ 18 ಇರುವವನಿಗೆ ಕೇಳದೆಯೇ ಹೇಳಿ. ಅದರಿಂದ ಅನುಮಾನಗೊಂಡು ಆತ ಬಿಲ್ಲನ್ನು ಪೆಟ್ಟಿಗೆಯತ್ತ ಗುರಿಯಿಟ್ಟು ನಿಂತರೆ, ಆತನನ್ನು ಸರ್ಪ್ರೈಸ್ ಆದವರ ಪಟ್ಟಿಯಿಂದ ನಾನು ಬಿಡುತ್ತೇನೆ. ಪಕ್ಕದಲ್ಲಿ ಹರಟುತ್ತಿದ್ದ ವಿಝರ್ಡ್ (ಮಾಂತ್ರಿಕ) ಅದೇ ಪಟ್ಟಿಯಲ್ಲಿ ಉಳಿಯುತ್ತಾನೆ, ಏಕೆಂದರೆ ಸರ್ಪ್ರೈಸ್ ಅನ್ನು ತಂಡಕ್ಕೆ ಒಟ್ಟಾಗಿ ಅಲ್ಲ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ನಿರ್ಧರಿಸಬೇಕು. ಪ್ರತಿ ಕೋಣೆಯಲ್ಲೂ ‘ನಾನು ಎಚ್ಚರವಾಗಿದ್ದೇನೆ’ ಎನ್ನುವವರಿಗೆ ಈ ವಿನಾಯಿತಿ ಸಲ್ಲದು.

ನಿಮ್ಮ ವಿವರಣೆಯಲ್ಲಿ ‘ಸರ್ಪ್ರೈಸ್ ಸುತ್ತು’ ಎಂಬ ಮಾತು ಬಂದಿದೆ. ಅದು ಮೂರನೇ ಆವೃತ್ತಿಯ ಪಳೆಯುಳಿಕೆ; ಐದನೆಯದರಲ್ಲಿ ಅಂಥ ಪ್ರತ್ಯೇಕ ಸುತ್ತು ಇಲ್ಲ. ಮಿಮಿಕ್ ಎರಗಲು ನಿರ್ಧರಿಸಿದ ಕ್ಷಣದಲ್ಲೇ ಎಲ್ಲರೂ ಇನಿಷಿಯೇಟಿವ್ (ಸರದಿಯ ಕ್ರಮ ನಿರ್ಧರಿಸುವ ದಾಳ) ಉರುಳಿಸುತ್ತಾರೆ. ಸರ್ಪ್ರೈಸ್ ಆದವರು ತಮ್ಮ ಮೊದಲ ಸರದಿಯಲ್ಲಿ ಚಲಿಸುವಂತಿಲ್ಲ, ಆಕ್ಷನ್ ಬಳಸುವಂತಿಲ್ಲ, ಆ ಸರದಿ ಮುಗಿಯುವವರೆಗೆ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಕೊಡಬಹುದಾದ ತಕ್ಷಣದ ಪ್ರತಿಕ್ರಿಯೆ) ಕೂಡ ಇಲ್ಲ. ಸರದಿ ಮುಗಿಯುವವರೆಗೆ ಎಂಬ ಈ ಮಾತಿನಲ್ಲೇ ಸ್ವಾರಸ್ಯವಿದೆ. ಮಿಮಿಕ್‌ನ ಇನಿಷಿಯೇಟಿವ್‌ಗೆ ಸೇರುವುದು +1 ಮಾತ್ರವಾದ್ದರಿಂದ ನಿಮ್ಮ ರೋಗ್ ಅದಕ್ಕಿಂತ ಮುಂದೆ ಬರುವ ಸಂಭವವೇ ಹೆಚ್ಚು. ಹಾಗೆ ಬಂದರೆ ಆತನ ಸರದಿ ವ್ಯರ್ಥವಾಗುತ್ತದೆ, ನಿಜ. ಆದರೆ ಅಲ್ಲಿಗೆ ಆತನ ಸರ್ಪ್ರೈಸ್ ಕೂಡ ಮುಗಿದು, ಮಿಮಿಕ್ ಕಚ್ಚಲು ಬರುವಷ್ಟರಲ್ಲಿ ರಿಯಾಕ್ಷನ್ ಆತನ ಕೈಯಲ್ಲಿರುತ್ತದೆ. ವಿಝರ್ಡ್ ಕೂಡ ಹೀಗೆಯೇ ಹೊಡೆತ ತಡೆಯುವ ಶೀಲ್ಡ್ ಮಂತ್ರವನ್ನು ಬಳಸಿಕೊಳ್ಳಬಹುದು.

ಮಿಮಿಕ್‌ಗೆ ಮೊದಲ ಹೊಡೆತದಲ್ಲಿ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಎಣಿಸುವ ಅವಕಾಶ) ಕೊಟ್ಟದ್ದು ಸರಿಯೇ ಎಂಬ ನಿಮ್ಮ ಕಿರುಪ್ರಶ್ನೆಗೆ ಉತ್ತರ: ಸರಿ, ಆದರೆ ನೀವು ಕೊಟ್ಟ ಕಾರಣ ಸರಿಯಲ್ಲ. ಕಣ್ಣಿಗೆ ಬೀಳದವನು ದಾಳಿ ಮಾಡಿದಾಗ ಅಡ್ವಾಂಟೇಜ್ ಸಿಗುತ್ತದೆ. ಮಿಮಿಕ್ ಕಣ್ಣಿಗೆ ಬಿದ್ದೇ ಇತ್ತು, ಸರ್ಪ್ರೈಸ್ ತಾನಾಗಿ ಅಡ್ವಾಂಟೇಜ್ ಕೊಡುವುದೂ ಇಲ್ಲ. ಅದು ಬರುವುದು ಅಂಟಿನಿಂದ. ವಸ್ತುರೂಪದ ಮಿಮಿಕ್ ಅನ್ನು ಮುಟ್ಟಿದವರು ಅದಕ್ಕೆ ಅಂಟಿಕೊಂಡು ಅದರ ಹಿಡಿತಕ್ಕೆ ಸಿಲುಕುತ್ತಾರೆ, ಇದಕ್ಕೆ ಆಕ್ಷನ್ ಬೇಕಿಲ್ಲ, ಇನಿಷಿಯೇಟಿವ್‌ಗೂ ಮೊದಲೇ ಆಗಿಹೋಗುತ್ತದೆ. ಬಿಡಿಸಿಕೊಳ್ಳಲು (ಎರಡು ದಾಳದಲ್ಲಿ ಕಡಿಮೆಯದನ್ನೇ ಎಣಿಸುವ) ಡಿಸಡ್ವಾಂಟೇಜ್‌ನೊಂದಿಗೆ 13 ಬೇಕು. ಹೀಗೆ ಹಿಡಿತದಲ್ಲಿರುವವರ ಮೇಲೆ ಮಾತ್ರ ಅದಕ್ಕೆ ಅಡ್ವಾಂಟೇಜ್. ಕೈಯಿಟ್ಟ ಫೈಟರ್‌ಗೆ ಇದು ಅನ್ವಯಿಸುತ್ತದೆ, ದೂರ ನಿಂತವರಿಗೆ ಇಲ್ಲ.

ಇನ್ನು ನ್ಯಾಯದ ಮಾತು. ಕಚ್ಚಿದರೆ ಸರಾಸರಿ 7 ಪೆಟ್ಟು, ಜೊತೆಗೆ ಆಮ್ಲದ 4. ಸರ್ಪ್ರೈಸ್ ಆದವರಿಗಿಂತ ಇನಿಷಿಯೇಟಿವ್‌ನಲ್ಲಿ ಮಿಮಿಕ್ ಮೇಲಿದ್ದರೆ ಅವರು ಬೆರಳೆತ್ತುವ ಮೊದಲೇ ಅದು ಎರಡು ಸಲ ಕಚ್ಚಿರುತ್ತದೆ. ಮೊದಲ ಹಂತದ ವಿಝರ್ಡ್‌ಗೆ ಅಷ್ಟು ತಾಳಿಕೊಳ್ಳುವ ಹಿಟ್ ಪಾಯಿಂಟ್‌ಗಳಿರುವುದಿಲ್ಲ. ಈ ಕಠೋರತೆಯನ್ನು ನಂತರದ ಪುಸ್ತಕಗಳು ತಗ್ಗಿಸಿವೆ. 2022ರ ‘ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್’ನಲ್ಲಿ ಫಾಲ್ಸ್ ಅಪಿಯರೆನ್ಸ್ ಇರುವ ಜೀವಿಗಳು ಇನಿಷಿಯೇಟಿವ್‌ನಲ್ಲಿ ಅಡ್ವಾಂಟೇಜ್ ಪಡೆಯುತ್ತವೆ, ಅವು ಜೀವಂತವೆಂದು ಅರಿಯಲು ಪರಿಶೀಲನೆಯ ಸಾಮರ್ಥ್ಯವಾದ ಇನ್ವೆಸ್ಟಿಗೇಷನ್‌ನಲ್ಲಿ 18 ಬೇಕು. 2024ರ ನಿಯಮಗಳಲ್ಲಿ ಸರ್ಪ್ರೈಸ್ ಆದವರಿಗೆ ಇನಿಷಿಯೇಟಿವ್‌ನಲ್ಲಿ ಡಿಸಡ್ವಾಂಟೇಜ್ ಬರುತ್ತದೆಯಷ್ಟೇ. ಯಾರೂ ಸರದಿಯನ್ನು ಕಳೆದುಕೊಳ್ಳುವುದಿಲ್ಲ. ಮೊದಲೆರಡು ಹಂತದ ಪಾತ್ರಗಳಿರುವಾಗ ನಾನು 2024ರ ನಿಯಮವನ್ನೇ ಎರವಲು ಪಡೆಯುತ್ತೇನೆ, ಐದನೇ ಹಂತ ದಾಟಿದ ಮೇಲೆ ಹಳೆಯದಕ್ಕೆ ಮರಳುತ್ತೇನೆ.

ಮುಂದಿನ ಕೋಣೆಯಲ್ಲಿ ಗಾಬ್ಲಿನ್‌ಗಳ ನಡುವೆ ಇನ್ನೊಂದು ಮಿಮಿಕ್ ಇಡುವ ಯೋಚನೆಯಿದೆ ಎಂದಿದ್ದೀರಿ. ಎದುರಾಳಿಗಳಲ್ಲಿ ಒಬ್ಬನನ್ನಾದರೂ ಗಮನಿಸಿದವರು ಸರ್ಪ್ರೈಸ್ ಆಗುವುದಿಲ್ಲ. ಗಾಬ್ಲಿನ್‌ಗಳು ಎದುರಿಗೇ ನಿಂತಿದ್ದರೆ ಮಿಮಿಕ್‌ನ ವೇಷ ಅಲ್ಲಿ ಸರ್ಪ್ರೈಸ್‌ಗೆ ಒದಗುವುದಿಲ್ಲ. ಓಡಿಬಂದು ಆ ಪೆಟ್ಟಿಗೆಯ ಮರೆಯಲ್ಲಿ ಕೂರುವವರಿಗೆ ಅದರ ಅಂಟು ಮಾತ್ರ ತಪ್ಪಿದ್ದಲ್ಲ.