ಹೊಗಳಿಕೆ ಚುಚ್ಚುವುದೇಕೆ?

ಪ್ರಶ್ನೆ: ನನಗೆ 52 ವರ್ಷ. ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂದಿದೆ. ನಾನೊಂದು ಫೈಲ್ ಸೇವ್ ಮಾಡಿದರೂ ಮೇಲಧಿಕಾರಿ ‘ಸೂಪರ್!’ ಅನ್ನುತ್ತಾರೆ. ಪಕ್ಕದ ಹುಡುಗ ತಪ್ಪು ಮಾಡಿದರೆ ಗದರುತ್ತಾರೆ. ಆದರೂ ಕುಗ್ಗಿಹೋಗುವವಳು ನಾನೇ. ಯಾಕೆ?

ಉತ್ತರ: ನಿಮ್ಮ ಮನಸ್ಸು ಸರಿಯಾಗಿಯೇ ಲೆಕ್ಕ ಹಾಕಿದೆ. ಜರ್ಮನಿಯ ಮನೋವಿಜ್ಞಾನಿ ವುಲ್ಫ್-ಊವೆ ಮೇಯರ್ 1970ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಿದ್ದರು. ಸುಲಭದ ಕೆಲಸಕ್ಕೆ ಹೊಗಳಿದರೆ, ‘ನನ್ನಿಂದ ಇಷ್ಟೇ ಸಾಧ್ಯ ಅಂದುಕೊಂಡಿದ್ದಾರೆ’ ಎಂದು ದೊಡ್ಡವರು ಅರ್ಥೈಸುತ್ತಾರೆ. ಬೈಗುಳದಲ್ಲಿ ‘ನಿನ್ನಿಂದ ಇನ್ನೂ ಆಗುತ್ತದೆ’ ಎಂಬ ನಂಬಿಕೆ ಕೇಳಿಸುತ್ತದೆ. ಚಿಕ್ಕ ಮಕ್ಕಳು ಹೀಗಲ್ಲ, ಹೊಗಳಿಸಿಕೊಂಡವನೇ ಜಾಣ ಅನ್ನುತ್ತಾರೆ. (ಹಾಗಂತ ಗದರುವುದು ಒಳ್ಳೆಯದೆಂದು ನಾನು ಖಂಡಿತ ಒಪ್ಪುವುದಿಲ್ಲ.) ಆದರೆ ‘ಇಷ್ಟೇ ಸಾಧ್ಯ’ ಎಂಬುದು ನಿಮ್ಮ ಮೇಲಧಿಕಾರಿಯ ಅಂದಾಜು, ನಿಮ್ಮ ಸಾಮರ್ಥ್ಯದ ಅಳತೆಯಲ್ಲ. ವಯಸ್ಸು ನೋಡಿ ಹಾಕಿದ ಅಂದಾಜೂ ಇರಬಹುದು. ಮುಂದಿನ ‘ಸೂಪರ್’ಗೆ ಹೀಗನ್ನಿ: ‘ಇದು ಸುಲಭವಿತ್ತು ಸರ್. ತಿಂಗಳ ವರದಿ ನನಗೇ ಕೊಡಿ, ತಪ್ಪಿದ್ದರೆ ನೇರವಾಗಿ ಹೇಳಿ.’